ಬುಧವಾರದ ಚೀಟಿಗಳು

ಕಮಲಾಪುರ
4 ಜುಲೈ 2025

ಜಹೀರುದ್ದೀನ್ ಸರ್ ಅವರಿಗೆ,

ಜೈಭೀಮ್. ಯುಗಾದಿಯಿಂದ ಈಚೆಗೆ ನಿಮಗೆ ಒಂದು ವಾಕ್ಯದ ಚೀಟಿಯನ್ನೂ ಕಳಿಸಿಲ್ಲ. ನಿಮ್ಮ ಇಂಗ್ಲಿಷ್ ನಿಘಂಟು ‘ಎಸ್’ ಅಕ್ಷರದಲ್ಲಿ ಸಿಕ್ಕಿಬಿದ್ದಿರುವುದಕ್ಕೆ ನಾನೇ ಕಾರಣ ಎಂದು ಬೈಯುತ್ತಿರಬೇಕು. ಬೈಯಿರಿ. ಹತ್ತನೇ ತರಗತಿಯಲ್ಲಿ ನಿಮ್ಮಿಂದ ಬೈಸಿಕೊಳ್ಳದ ದಿನ ನನಗೆ ಊಟ ರುಚಿಸುತ್ತಿರಲಿಲ್ಲ.

ಅಂಗನವಾಡಿಯಲ್ಲಿ ಈಗ ಇಪ್ಪತ್ತೆರಡು ಮಕ್ಕಳು. ನೋಡಿಕೊಳ್ಳುವವರು ನಾನು ಮತ್ತು ಸಹಾಯಕಿ ಸಾಬಮ್ಮ, ಇಬ್ಬರೇ. ಸಾಬಮ್ಮನಿಗೆ ಅರವತ್ತರ ಹತ್ತಿರ. ನಾನು ನಿಮಗೆ ಬರೆಯಲು ಕೂತರೆ ಸಾಕು, “ನಿನ್ ಮಾಸ್ತರಗ ನಂದೂ ಒಂದು ಸಲಾಂ ಬರಿಯವ್ವ, ಇಂಗ್ಲಿಷಿನಾಗ ಬರಿ” ಎಂದು ಕಾಡುತ್ತಾಳೆ. ಅವಳ ಸಲಾಂ ಸ್ವೀಕರಿಸಿ.

ಈಗ ಒಂದು ಪ್ರಶ್ನೆ. ಒಂದು ಇಂಗ್ಲಿಷ್ ಕಾಗದದಲ್ಲಿ ಕಟ್ಟಡವೊಂದನ್ನು ‘ಸೌಂಡ್’ ಎಂದು ಬರೆದಿದ್ದನ್ನು ನೋಡಿದೆ. ಫೋನಿನಲ್ಲಿ ಹುಡುಕಿದರೆ ಸದ್ದು, ಶಬ್ದ ಎಂದು ಬರುತ್ತದೆ. ಕಟ್ಟಡ ಸದ್ದು ಹೇಗಾಗುತ್ತದೆ? ಯಾವ ಕಾಗದ ಎಂದು ಕೇಳಬೇಡಿ, ಸುಮ್ಮನೆ ಕಣ್ಣಿಗೆ ಬಿತ್ತು. ಆದರೆ ಅರ್ಥ ಬೇಗ ಗೊತ್ತಾಗಬೇಕಿತ್ತು.

ನಿಮ್ಮ ವಿದ್ಯಾರ್ಥಿನಿ,
ಪಂಚಶೀಲಾ

ರೋಜಾ, ಕಲಬುರಗಿ
9 ಜುಲೈ 2025, ಬುಧವಾರ

ಪಂಚಶೀಲಾ,

ಸಲಾಂ, ಜೈಭೀಮ್, ಎರಡೂ ಇರಲಿ. ಸಾಬಮ್ಮನಿಗೆ ಪ್ರತ್ಯೇಕ ಸಲಾಂ, ಶುದ್ಧ ಇಂಗ್ಲಿಷಿನಲ್ಲಿ.

ಎರಡೂ ಕಿವಿ ಕೈಕೊಟ್ಟವನ ಹತ್ತಿರ ಸೌಂಡ್ ಬಗ್ಗೆ ಕೇಳುತ್ತೀಯಲ್ಲ, ನಿನ್ನ ಧೈರ್ಯ ಮೆಚ್ಚಬೇಕು. ಸೊಸೆ ಗೌಸಿಯಾ ನಿನ್ನ ಪತ್ರ ನೋಡಿ ಬಿದ್ದು ಬಿದ್ದು ನಕ್ಕಳು.

ಕೇಳು. ಸದ್ದು ಎಂಬ ನಾಮಪದ ಬೇರೆ. ಇದು ಗುಣವಾಚಕ. ಇದಕ್ಕೆ ಮುಖ್ಯವಾಗಿ ಎರಡು ಅರ್ಥ. ಒಂದು: ಊನವಿಲ್ಲದ, ಗಟ್ಟಿಮುಟ್ಟಾದ, ಭರವಸೆ ಇಡಬಹುದಾದ. ಗೋಡೆಗೆ ಹೇಳಬಹುದು, ಹಲ್ಲಿಗೆ ಹೇಳಬಹುದು, ಬುದ್ಧಿವಾದಕ್ಕೂ ಹೇಳಬಹುದು. ಹಿಂದೆ ಕುದುರೆ ಕೊಳ್ಳುವವರು ಕಾಲು, ಗೊರಸು, ಉಸಿರು ಎಲ್ಲ ನೋಡಿ, ಅಂಗಾಂಗವೂ ಸೌಂಡ್ ಎನ್ನುತ್ತಿದ್ದರಂತೆ. ನನಗೆ ಬಹಳ ಪ್ರಿಯವಾದ ಪ್ರಯೋಗ ಅದು. ಎರಡನೆಯದು ನಿದ್ದೆಗೆ ಸಂಬಂಧಿಸಿದ್ದು: ಗಾಢವಾದ, ಎಚ್ಚರವಿಲ್ಲದ. ನಿದ್ದೆ ಬಿಟ್ಟರೆ ಆ ಅರ್ಥದಲ್ಲಿ ಹೆಚ್ಚು ಬಳಕೆ ಇಲ್ಲ.

ಎರಡೂ ಅರ್ಥಕ್ಕೆ ಒಂದೊಂದು ವಾಕ್ಯ ಕಳಿಸು. ನನ್ನ ನೇಮ ನಿನಗೆ ಗೊತ್ತು, ಆದರೂ ಮರೆತಿರುತ್ತೀಯ ಎಂದು ಮತ್ತೆ ಬರೆಯುತ್ತೇನೆ. ವಾಕ್ಯ ನಿಜವಾಗಿರಬೇಕು. ಬರೆದವರು ಕಣ್ಣಾರೆ ಕಂಡದ್ದಾಗಿರಬೇಕು. ಲಂಡನ್ ದೊಡ್ಡ ಊರು ಎಂದು ಲಂಡನ್ ನೋಡದವಳು ಬರೆದರೆ ನಾನು ಹರಿದು ಹಾಕುತ್ತೇನೆ. ಟಪಾಲು ಯಾವತ್ತೇ ಬರಲಿ, ನಾನು ಒಡೆಯುವುದು ಬುಧವಾರ ಬೆಳಿಗ್ಗೆ ಮಾತ್ರ. ಒಂದೇ ಕೂರಿಕೆಯಲ್ಲಿ ಎಲ್ಲವನ್ನೂ ಓದಿ, ಕೆಂಪು ಶಾಯಿಯಲ್ಲಿ ತಿದ್ದಿ, ಬಿಸ್ಕಿಟ್ ಡಬ್ಬಿಗೆ ಹಾಕುತ್ತೇನೆ. ದಿನಾ ಒಡೆಯುತ್ತಾ ಕೂತರೆ ನಿಘಂಟು ನನ್ನ ಗೋರಿಯ ಮೇಲೆಯೇ ಮುಗಿಯಬೇಕು.

ಅಂದ ಹಾಗೆ, ಹೋದ ತಿಂಗಳು ನಿಮ್ಮೂರ ಕೆಂಪು ಬಾಳೆಹಣ್ಣು ಒಂದು ಬುಟ್ಟಿ ಬಂದಿತ್ತು. ನಿನಗಿಂತ ನನ್ನನ್ನು ನೆನೆಯುವವರು ಕಮಲಾಪುರದಲ್ಲಿ ಇದ್ದಾರೆ.

ಜಹೀರುದ್ದೀನ್

ಕಮಲಾಪುರ
14 ಜುಲೈ 2025

ಸರ್,

ಬುಟ್ಟಿ ಕಳಿಸಿದವರು ಯಾರೋ, ನನಗೆ ಹೊಟ್ಟೆಕಿಚ್ಚಾಯಿತು. ಮುಂದಿನ ಸಲ ನಾನೂ ಕಳಿಸುತ್ತೇನೆ, ಅವರಿಗಿಂತ ದೊಡ್ಡ ಗೊನೆ.

ಅರ್ಥ ತಿಳಿಯಿತು. ತಿಳಿದ ಮೇಲೆ ಎರಡು ದಿನ ಬರೆಯಲು ಕೈ ಬರಲಿಲ್ಲ. ಇಂಗ್ಲಿಷಿನ ಎರಡು ವಾಕ್ಯಗಳನ್ನು ಬೇರೆ ಚೀಟಿಯಲ್ಲಿ ಬರೆದು ಇಟ್ಟಿದ್ದೇನೆ. ಅವುಗಳ ಕನ್ನಡ ಇದು:

ನಮ್ಮ ಅಂಗನವಾಡಿಯ ಹಿಂದಿರುವ ನೀರಿನ ಟ್ಯಾಂಕು ಸೌಂಡ್ ಅಲ್ಲ.

ಅದರ ಕೆಳಗೆ ಮಕ್ಕಳು ಮಧ್ಯಾಹ್ನ ಸೌಂಡ್ ನಿದ್ದೆ ಮಾಡುತ್ತಾರೆ.

ಎರಡೂ ನಿಜ ಸರ್. ಎರಡನ್ನೂ ಕಣ್ಣಾರೆ ನೋಡಿದ್ದೇನೆ. ಬೇರೆ ವಾಕ್ಯ ನನಗೆ ಹೊಳೆಯಲಿಲ್ಲ.

ಪಂಚಶೀಲಾ

ರೋಜಾ, ಕಲಬುರಗಿ
23 ಜುಲೈ 2025, ಬುಧವಾರ

ಪಂಚಶೀಲಾ,

ಶಾಬಾಶ್! ಒಂದೇ ಜಾಗ, ಒಂದೇ ನೋಟ, ಎರಡೂ ಅರ್ಥ. ಹತ್ತು ವರ್ಷದಿಂದ ಚೀಟಿ ಕೂಡಿಸುತ್ತಿದ್ದೇನೆ, ಇಷ್ಟು ಚೊಕ್ಕ ಜೋಡಿ ಸಿಕ್ಕಿರಲಿಲ್ಲ. ಗೌಸಿಯಾಗೆ ಓದಿ ಹೇಳಿದೆ. ಅವಳು ಏನೋ ಅಂದಳು, ಮುಖ ಸಣ್ಣ ಮಾಡಿಕೊಂಡಳು. ನನಗೆ ಕೇಳಲಿಲ್ಲ, ನಾನೂ ಮತ್ತೆ ಕೇಳಲಿಲ್ಲ.

ತಿದ್ದುಪಡಿ ಎರಡು. ಇಂಗ್ಲಿಷಿನಲ್ಲಿ ಟ್ಯಾಂಕು ಎಂಬ ಪದದ ಮೊದಲು ಹಾಕಬೇಕಾದ ‘ದಿ’ ಬಿಟ್ಟಿದ್ದೀಯ. ಅದನ್ನು ಬಿಡುವ ಚಟ ನಿನಗೆ ಹತ್ತನೇ ತರಗತಿಯಿಂದಲೂ ಇದೆ. ಎರಡನೆಯದು, ‘ಸೌಂಡ್ ಅಲ್ಲ’ ಎಂದು ನಿಲ್ಲಿಸಿದ್ದೀಯ. ಯಾಕೆ ಅಲ್ಲ? ಓದುವ ಹುಡುಗನಿಗೆ ಕಾರಣ ಬೇಕು. ನೋಡಿದ್ದನ್ನು ಸಣ್ಣ ಸಣ್ಣ ವಾಕ್ಯದಲ್ಲಿ ಬರೆದು ಕಳಿಸು. ಕ್ರಿಯಾಪದದ ಕಾಲಕ್ಕೂ ಅಭ್ಯಾಸವಾಗುತ್ತದೆ.

ನನ್ನ ಕೆಮ್ಮು ಹಾಗೇ ಇದೆ. ‘ಎಸ್’ ಮುಗಿಯುವವರೆಗೆ ಜೀವ ಇರುತ್ತದೆ, ಹೆದರಬೇಡ.

ಜಹೀರುದ್ದೀನ್

ಕಮಲಾಪುರ
28 ಜುಲೈ 2025

ಸರ್,

ನೀವು ಕಾರಣ ಕೇಳಿದ್ದೀರಿ. ಚೀಟಿಗಳಲ್ಲಿ ಇಂಗ್ಲಿಷಿನಲ್ಲಿದೆ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ, ಯಾಕೆಂದರೆ ಇಂಗ್ಲಿಷಿನಲ್ಲಿ ನನಗೆ ಸರಿಯಾಗಿ ಹೇಳಲು ಬರುತ್ತದೋ ಇಲ್ಲವೋ.

ಟ್ಯಾಂಕಿಗೆ ನಾಲ್ಕು ಕಾಲು. ನಮ್ಮ ಗೋಡೆಯ ಕಡೆಯ ಕಾಲಿನಲ್ಲಿ ಸಿಮೆಂಟು ಉದುರಿ ಸರಳು ಕಾಣುತ್ತದೆ. ಸರಳಿನಿಂದ ಕೆಂಪು ನೀರು ಇಳಿಯುತ್ತದೆ. ಹೋದ ತಿಂಗಳು ಅದರ ಮೇಲೆ ಗುಲಾಬಿ ಬಣ್ಣ ಬಳಿದರು. ಮೊದಲ ಮಳೆಗೆ ಬಣ್ಣದ ಮೇಲೂ ಕೆಂಪು ಇಳಿಯಿತು. ಮೊನ್ನೆ ಗುರುವಾರ ಬೊಗಸೆಯಷ್ಟು ಗಾರೆ ನಮ್ಮ ತಗಡಿನ ಮೇಲೆ ಬಿತ್ತು. ಹನ್ನೊಂದು ಗಂಟೆಗೆ ಮೋಟಾರು ಹಾಕಿ ಟ್ಯಾಂಕು ತುಂಬಿಸುತ್ತಾರೆ. ತುಂಬಿದ ಮೇಲೆ ಗೋಡೆಗೆ ಕೈ ಇಟ್ಟರೆ ಒಳಗೆ ಏನೋ ನರಳಿದ ಹಾಗೆ ಆಗುತ್ತದೆ.

ಮಾಯಾ ಎಂಬ ನಾಲ್ಕು ವರ್ಷದ ಹುಡುಗಿ ಇದ್ದಾಳೆ. ಊಟವಾದ ಮೇಲೆ ಎಲ್ಲರೂ ಮಲಗುತ್ತಾರೆ, ಅವಳೊಬ್ಬಳು ಮಲಗುವುದಿಲ್ಲ. ಅಂಗಾತ ಬಿದ್ದುಕೊಂಡು ಸೂರು ನೋಡುತ್ತಾಳೆ. “ಟೀಚರ್, ಮ್ಯಾಲೆ ಯಾರೋ ಹಲ್ಲು ಕಡಿಯಾಕತ್ತಾರ” ಎಂದಳು. ಸಾಬಮ್ಮ ನಗಿಸಲು ನೋಡಿದಳು. ನನಗೆ ನಗು ಬರಲಿಲ್ಲ.

ಟ್ಯಾಂಕಿನ ಕಾಂಟ್ರಾಕ್ಟರ್ ಮಾಪಣ್ಣ ಎಂಬವರನ್ನು ಹಿಡಿದು ಕೇಳಿದೆ. ಜೇಬಿನಿಂದ ಒಂದು ಕಾಗದದ ಜೆರಾಕ್ಸ್ ತೆಗೆದು ತೋರಿಸಿದರು. “ಏನ್ ಬರದದ ನೋಡ್ರಿ ಟೀಚರ್. ಅಚ್ಚುಕಟ್ಟು ಇಂಗ್ಲಿಷ್ ಅದ. ನೀವು ದೊಡ್ಡ ಇಂಜಿನಿಯರ್ ಏನ್ರಿ?” ಎಂದರು. ನಾನು ಬಾಯಿ ಮುಚ್ಚಿಕೊಂಡು ಬಂದೆ. ಯಾಕೆ ಮುಚ್ಚಿಕೊಂಡೆ ಎಂದು ಇನ್ನೊಂದು ಸಲ ಬರೆಯುತ್ತೇನೆ.

ಪಂಚಶೀಲಾ

ರೋಜಾ, ಕಲಬುರಗಿ
6 ಆಗಸ್ಟ್ 2025, ಬುಧವಾರ

ಪಂಚಶೀಲಾ,

ನಿನ್ನ ಪತ್ರ ಹೋದ ಗುರುವಾರವೇ ಬಂದಿತ್ತು, ನೇಮದಂತೆ ಇವತ್ತು ಒಡೆದೆ. ಏಳು ಚೀಟಿ, ಏಳರಲ್ಲಿ ಐದು ಉತ್ತಮ. ‘ಇಳಿಯುತ್ತದೆ’ ಎಂಬುದಕ್ಕೆ ನಿತ್ಯ ನಡೆಯುವ ಕ್ರಿಯೆಯ ರೂಪ ಬೇಕು, ಈಗ ನಡೆಯುತ್ತಿರುವ ರೂಪ ಅಲ್ಲ. ದಿನಾ ಇಳಿಯುತ್ತದೆ ತಾನೇ? ಕೆಂಪಿನಲ್ಲಿ ತಿದ್ದಿದ್ದೇನೆ. ಹಲ್ಲು ಕಡಿಯುವ ಮಾತನ್ನು ಆ ಮಗುವೇ ಆಡಿತೋ, ನೀನು ಸೇರಿಸಿದ್ದೋ? ಸೇರಿಸಿದ್ದರೆ ನೇಮ ಮುರಿದ ಹಾಗೆ.

ಟ್ಯಾಂಕಿನ ವಿಷಯ ಸಂಬಂಧಪಟ್ಟವರಿಗೆ ಒಂದು ಅರ್ಜಿ ಬರೆದು ಕೊಡು. ಅವರ ಹತ್ತಿರ ಕಾಗದ ಇದೆ ಎಂದರೆ ಯಾರೋ ತಿಳಿದವರು ನೋಡಿಯೇ ಬರೆದಿರಬೇಕಲ್ಲ. ನೋಡದೆ ಯಾರು ಬರೆಯುತ್ತಾರೆ? ಆ ಕಾಗದದ ವಾಕ್ಯವನ್ನು ನನಗೆ ನಕಲು ಮಾಡಿ ಕಳಿಸು. ಈಗಿನವರ ಇಂಗ್ಲಿಷ್ ಎಷ್ಟು ಕೆಟ್ಟಿದೆ ನೋಡೋಣ.

ಜಹೀರುದ್ದೀನ್

ಕಮಲಾಪುರ
8 ಆಗಸ್ಟ್ 2025

ಸರ್,

ಮಗುವೇ ಆಡಿದ ಮಾತು. ನಾನು ಏನನ್ನೂ ಸೇರಿಸಿಲ್ಲ. ಬಿಟ್ಟಿದ್ದೇನೆ, ಅಷ್ಟೇ. ಬಿಟ್ಟಿದ್ದನ್ನು ಇವತ್ತು ಬರೆಯುತ್ತೇನೆ.

ಆ ಕಾಗದದ ಕೆಳಗೆ ನನ್ನ ಸಹಿ ಇದೆ.

ಜುಲೈ ಎರಡರಂದು ಮಾಪಣ್ಣ ಅಂಗನವಾಡಿಗೆ ಬಂದರು. “ಬಾಜೂಕ ಇರೋರು ನೀವು, ಸಾಕ್ಷಿಗೊಂದು ಸಹಿ ಬೇಕ್ರಿ. ಬಣ್ಣ ಹಚ್ಚೇವಿ ಅಂತ ಬರದದ, ಮತ್ತೇನಿಲ್ಲ” ಎಂದರು. ಒಲೆಯ ಮೇಲೆ ಅನ್ನ ಇತ್ತು, ಒಂದು ಮಗು ಅಳುತ್ತಿತ್ತು. ಹಾಕಿಬಿಟ್ಟೆ. ಅವರು ಹೋದ ಮೇಲೆ ನನಗೆ ಬಿಟ್ಟುಹೋದ ನಕಲನ್ನು ಓದಲು ಕೂತೆ. ಒಂದು ಪದ ತಿಳಿಯಲಿಲ್ಲ. ನಿಮ್ಮನ್ನು ಕೇಳಿದೆ. ಓದದೆ ಸಹಿ ಹಾಕಬಾರದು ಎಂದು ನೀವು ತರಗತಿಯಲ್ಲಿ ನೂರು ಸಲ ಹೇಳಿದ್ದಿರಿ. ನಿಮ್ಮ ಮುಂದೆ ಅದನ್ನು ಒಪ್ಪಿಕೊಳ್ಳಲು ನಾಚಿಕೆಯಾಯಿತು. ಅದಕ್ಕೇ ಚೀಟಿಯಲ್ಲಿ ಹೇಳಲು ನೋಡಿದೆ. ಸಹಿ ಹಾಕಿದವಳೇ ಈಗ ಟ್ಯಾಂಕು ಸರಿಯಿಲ್ಲ ಅಂದರೆ ಯಾರು ನಂಬುತ್ತಾರೆ?

ವಾಕ್ಯ ಕೇಳಿದ್ದೀರಿ. ಇದು: ‘ದಿ ಸ್ಟ್ರಕ್ಚರ್, ಆನ್ ಕೇರ್‌ಫುಲ್ ಇನ್‌ಸ್ಪೆಕ್ಷನ್, ಹ್ಯಾಸ್ ಬೀನ್ ಫೌಂಡ್ ಸೌಂಡ್ ಇನ್ ಎವ್ರಿ ಲಿಂಬ್.’ ಎಚ್ಚರಿಕೆಯಿಂದ ಪರಿಶೀಲಿಸಿದಾಗ ಈ ಕಟ್ಟಡವು ಅಂಗಾಂಗವೂ ಗಟ್ಟಿಯಾಗಿರುವುದು ಕಂಡುಬಂದಿದೆ ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ನೀವು ಕುದುರೆಗೆ ಹೇಳಿದ ಮಾತೇ ಇದರಲ್ಲೂ ಇದೆ ಸರ್. ಬರೆದವರು ಯಾರೋ ನಿಮ್ಮಷ್ಟೇ ಓದಿದವರಿರಬೇಕು.

ಸೋಮವಾರದಿಂದ ಮಕ್ಕಳನ್ನು ನಮ್ಮ ಓಣಿಯ ಬುದ್ಧ ವಿಹಾರಕ್ಕೆ ಕರೆದುಕೊಂಡು ಹೋಗಲೇ? ಮೇಲಿನವರು ಬೇಡ ಅನ್ನುತ್ತಾರೆ, ಹಾಜರಿ ಕೇಂದ್ರದಲ್ಲೇ ಆಗಬೇಕಂತೆ. ಕೆಲಸ ಹೋದರೂ ಹೋಗಬಹುದು. ನೀವು ಒಂದು ಮಾತು ಹೇಳಿದರೆ ನನಗೆ ಧೈರ್ಯ ಬರುತ್ತದೆ. ದಯವಿಟ್ಟು ಬುಧವಾರದವರೆಗೆ ಕಾಯಬೇಡಿ.

ಪಂಚಶೀಲಾ

ಕಮಲಾಪುರ
12 ಆಗಸ್ಟ್ 2025, ಸಂಜೆ

ಸರ್,

ಟ್ಯಾಂಕು ಬಿತ್ತು. ಇವತ್ತು ಹನ್ನೆರಡು ಗಂಟೆಗೆ, ತುಂಬಿದ ಮೇಲೆ.

ನಿಮ್ಮ ಉತ್ತರ ಬರದಿದ್ದರೂ ನಿನ್ನೆಯಿಂದ ಮಕ್ಕಳನ್ನು ವಿಹಾರಕ್ಕೆ ಕರೆದುಕೊಂಡು ಹೋಗಿದ್ದೆ. ಇಪ್ಪತ್ತೆರಡೂ ಮಕ್ಕಳು ಇದ್ದಾರೆ. ಮೂರು ಸಲ ಎಣಿಸಿದೆ.

ಸಾಬಮ್ಮ ಇಲ್ಲ. ಮಕ್ಕಳು ನಿನ್ನೆ ಬರಿ ನೆಲದ ಮೇಲೆ ಮಲಗಿದ್ದು ಅವಳಿಗೆ ಸರಿಬರಲಿಲ್ಲ. “ಫರಸಿ ತಣ್ಣಗದ, ಕೂಸುಗೋಳಿಗೆ ನೆಗಡಿ ಆಗ್ತದ. ಚಾಪಿ ತರ್ತೀನಿ” ಎಂದಳು. ನಾನು ಬೇಡ ಅಂದೆ. “ಹಿಂಗ ಹೋಗಿ ಹಂಗ ಬರ್ತೀನಿ, ಅದು ನನ್ನ ದಾರಿ ಕಾಯಾಕತ್ತದೇನು?” ಎಂದು ನಕ್ಕು ಹೋದಳು.

ಚಾಪೆಗಳ ಸಮೇತ ಸಿಕ್ಕಳು.

ಪಂಚಶೀಲಾ

ರೋಜಾ, ಕಲಬುರಗಿ
13 ಆಗಸ್ಟ್ 2025, ಬುಧವಾರ ಬೆಳಿಗ್ಗೆ

ಪಂಚಶೀಲಾ, ಮಗಳೇ,

ಈ ಪತ್ರವನ್ನು ಟಪಾಲಿಗೆ ಹಾಕುವುದಿಲ್ಲ; ನಿನ್ನ ಫೋನ್ ನಂಬರೂ ನಮ್ಮ ಹತ್ತಿರ ಇಲ್ಲ, ನಾನೇ ತರುತ್ತೇನೆ. ಗೌಸಿಯಾ ಬುರ್ಖಾ ಹಾಕಿಕೊಳ್ಳುತ್ತಿದ್ದಾಳೆ, ಅಷ್ಟರಲ್ಲಿ ಬರೆದು ಮುಗಿಸಬೇಕು. ನಿನ್ನ ಎದುರು ನಿಂತರೆ ಇದನ್ನು ಹೇಳಲು ನನ್ನಿಂದ ಆಗಲಿಕ್ಕಿಲ್ಲ.

ಎಂಟನೇ ತಾರೀಕಿನ ನಿನ್ನ ಪತ್ರ ಸೋಮವಾರವೇ ಬಂದಿತ್ತು. ಎರಡು ದಿನ ನನ್ನ ಮೇಜಿನ ಮೇಲೆ, ನನ್ನ ಕನ್ನಡಕದ ಕೆಳಗೆ ಬಿದ್ದಿತ್ತು. ಈಗಷ್ಟೇ ಒಡೆದೆ. ಮಕ್ಕಳನ್ನು ಈ ಕ್ಷಣ ಅಲ್ಲಿಂದ ತೆಗೆ. ಯಾರನ್ನೂ ಕೇಳಬೇಡ. ಕೆಲಸ ಹೋದರೆ ಹೋಗಲಿ. ಯಾರೂ ಆ ಕೋಣೆಯೊಳಗೆ ಕಾಲಿಡಬಾರದು, ಚಾಪೆ, ಪಾತ್ರೆ, ರಿಜಿಸ್ಟರು ಯಾವುದಕ್ಕೂ.

ಆ ವಾಕ್ಯ ನನ್ನದು.

ಜೂನ್ ತಿಂಗಳಲ್ಲಿ ಒಬ್ಬ ಬಂದಿದ್ದ. ಈ ಓಣಿಯಲ್ಲಿ ಅರ್ಜಿ, ಜಾಹೀರಾತು, ಬಿನ್ನವತ್ತಳೆ ಏನು ಬೇಕಾದರೂ ಇಂಗ್ಲಿಷಿಗೆ ಜನ ನನ್ನ ಹತ್ತಿರವೇ ಬರುತ್ತಾರೆ, ನಿನಗೆ ಗೊತ್ತು. ದುಡ್ಡು ನಾನು ಮುಟ್ಟುವುದಿಲ್ಲ. ಗೌಸಿಯಾಳ ಕೈಯಲ್ಲಿ ಬರೆಸಿ ತೋರಿಸಿದ: ಒಂದು ಕಟ್ಟಡ ಗಟ್ಟಿ ಇದೆ ಎಂದು ಭಾರೀ ಇಂಗ್ಲಿಷಿನಲ್ಲಿ ಬರೆದುಕೊಡಿ. ಯಾವ ಕಟ್ಟಡ ಎಂದು ನಾನು ಕೇಳಲಿಲ್ಲ. ಯಾವ ಊರು ಎಂದೂ ಕೇಳಲಿಲ್ಲ. ವಾಕ್ಯ ಹೇಗೆ ಕೂರುತ್ತದೆ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ಕುದುರೆಯ ಆ ಪ್ರಯೋಗ ಹೊಳೆದಾಗ ಎಷ್ಟು ಖುಷಿಯಾಯಿತು ಗೊತ್ತೇ? ಅವನು ಕೆಂಪು ಬಾಳೆಹಣ್ಣಿನ ಬುಟ್ಟಿ ಇಟ್ಟು ಹೋದ. ನಾನು ಚಪ್ಪರಿಸಿಕೊಂಡು ತಿಂದೆ. ನಿನ್ನ ಮುಂದೆ ಜಂಭವನ್ನೂ ಕೊಚ್ಚಿದೆ.

ಕಣ್ಣಾರೆ ಕಾಣದ್ದನ್ನು ಬರೆಯಬಾರದು ಎಂದು ಇಡೀ ಜಿಲ್ಲೆಯ ಮಕ್ಕಳಿಗೆ ನೇಮ ಹಾಕಿದವನು ನಾನು.

ಗೌಸಿಯಾ ಬಾಗಿಲಲ್ಲಿ ನಿಂತಿದ್ದಾಳೆ. ಬಂದೆ.

ಜಹೀರುದ್ದೀನ್

ಕಮಲಾಪುರ
18 ಆಗಸ್ಟ್ 2025

ಸರ್,

ನೀವು ಬಂದಿದ್ದನ್ನು ಜನರ ಮಧ್ಯದಿಂದ ನೋಡಿದೆ. ಗೌಸಿಯಾ ಅಕ್ಕ ನಿಮ್ಮ ಕೈ ಹಿಡಿದಿದ್ದರು. ನೀವು ಗಾರೆಯ ರಾಶಿಯ ಮುಂದೆ ಟೋಪಿ ತೆಗೆದು ನಿಂತಿದ್ದಿರಿ. ಪತ್ರ ಇಸಿದುಕೊಂಡೆ. ಬೇಕೆಂದೇ ಮಾತಾಡಿಸದೆ ಮಕ್ಕಳ ಹತ್ತಿರ ಹೋದೆ.

ನನಗೆ ನಿಮ್ಮ ಮೇಲೆ ಸಿಟ್ಟಿದೆ. ಬರೆಯದೆ ಇದ್ದರೆ ಮತ್ತೆ ಬಿಟ್ಟ ಹಾಗಾಗುತ್ತದೆ. ಆ ವಾಕ್ಯ ಬರೆದಿದ್ದಕ್ಕೆ ಒಂದು ಪಾಲು ಸಿಟ್ಟು. ನಾನು ಸರಳು ಕಾಣುತ್ತದೆ ಅಂದಾಗ ನೀವು ಕ್ರಿಯಾಪದ ನೋಡಿದಿರಲ್ಲ, ಅದಕ್ಕೆ ಮೂರು ಪಾಲು. ನನ್ನ ಮೇಲೂ ಸಿಟ್ಟಿದೆ. ಮೊದಲ ದಿನವೇ ಸಹಿ ಹಾಕಿದ್ದೇನೆ ಎಂದು ಬರೆದಿದ್ದರೆ ನೀವು ಬೇರೆ ರೀತಿ ಓದುತ್ತಿದ್ದಿರೋ ಏನೋ. ಸಾಬಮ್ಮನ ಮಗಳು ನನ್ನ ಮುಖ ನೋಡುವುದಿಲ್ಲ. ನಿಮ್ಮ ಪತ್ರದಲ್ಲಿ ಚಾಪೆಗೂ ಹೋಗಬೇಡ ಎಂದು ಬರೆದಿದ್ದೀರಿ. ಅದನ್ನು ನಾನು ಯಾರಿಗೂ ತೋರಿಸಿಲ್ಲ, ತೋರಿಸಲೂ ಆಗುವುದಿಲ್ಲ.

ಈಗ ವಿಚಾರಣೆ ಶುರುವಾಗಿದೆ. ಮಾಪಣ್ಣ ನನ್ನ ಸಹಿ ತೋರಿಸಿ, “ಟೀಚರೇ ನೋಡಿ ಒಪ್ಪ್ಯಾರ್ರಿ, ಒಂದು ದಿನಾನೂ ತಕರಾರ್ ಮಾಡಿಲ್ಲ” ಎಂದಿದ್ದಾರೆ. ನನ್ನನ್ನು ಕೆಲಸದಿಂದ ನಿಲ್ಲಿಸಿದ್ದಾರೆ. ತಕರಾರು ಮಾಡಿದ್ದಕ್ಕೆ ನನ್ನ ಹತ್ತಿರ ಒಂದು ತುಂಡು ಕಾಗದವೂ ಇಲ್ಲ. ನಾನು ಬರೆದು ಹೇಳಿದ್ದು ನಿಮಗೊಬ್ಬರಿಗೆ. ಅದೆಲ್ಲ ತಾರೀಕು ಸಮೇತ ನಿಮ್ಮ ಬಿಸ್ಕಿಟ್ ಡಬ್ಬಿಯಲ್ಲಿದೆ.

ಆ ಚೀಟಿಗಳು ಬೇಕು ಸರ್. ಅವುಗಳ ಮೇಲೆ ನಿಮ್ಮ ಕೆಂಪು ಶಾಯಿ ಇದೆ ಎಂಬುದು ನನಗೆ ಗೊತ್ತಿದೆ. ಅವನ್ನು ಕೊಟ್ಟರೆ ಏನಾಗುತ್ತದೆ ಎಂಬುದೂ ಗೊತ್ತಿದೆ. ಕೊಡದಿದ್ದರೆ ನಾನು ಮತ್ತೆ ಕೇಳುವುದಿಲ್ಲ.

ಪಂಚಶೀಲಾ

ರೋಜಾ, ಕಲಬುರಗಿ
21 ಆಗಸ್ಟ್ 2025, ಗುರುವಾರ

ಪಂಚಶೀಲಾ,

ನಿನ್ನ ಪತ್ರ ಇವತ್ತು ಬಂತು, ಇವತ್ತೇ ಒಡೆದೆ. ಬಾಗಿಲಲ್ಲಿ ನಿಂತೇ ಓದಿದೆ.

ಒಂದು ನಿಜ ಹೇಳಬೇಕು. ಹೋದ ಗುರುವಾರ, ಅಲ್ಲಿಂದ ಬಂದ ಮರುದಿನ, ಆ ಚೀಟಿಗಳನ್ನೆಲ್ಲ ತೆಗೆದು ಒಲೆಯ ಹತ್ತಿರ ಕೂತಿದ್ದೆ. ನಲವತ್ತು ವರ್ಷ ಈ ಊರು ನನ್ನನ್ನು ‘ಸರ್’ ಎಂದಿದೆ. ಟ್ಯಾಂಕು ಗಟ್ಟಿ ಇಲ್ಲ ಎಂದು ಒಬ್ಬಳು ಬರೆದರೆ ಅದಕ್ಕೆ ‘ದಿ’ ಸೇರಿಸಿದ ಮನುಷ್ಯ ಇವನು ಎಂದು ಜನ ಓದುವುದು ಬೇಡ ಅನಿಸಿತು. ಗೌಸಿಯಾ ಬಂದು ಕೈಯಿಂದ ಡಬ್ಬಿ ಕಿತ್ತುಕೊಂಡಳು. ಕಿವಿಯ ಹತ್ತಿರ ಬಾಯಿಟ್ಟು ಕೂಗಿದಳು: “ಅಬ್ಬಾ, ಆ ಹುಡುಗಿ ನಿಮಗ ಇಂಗ್ಲಿಷ್ ಬರದಿಲ್ಲ, ಕೂಸುಗೋಳ ಜೀವಾ ಬರದಾಳ. ಅವತ್ತೇ ಅಂದಿದ್ದೆ, ನೀವು ಕೇಳಿಲ್ಲ.” ಈ ಸಲ ಪೂರ್ತಿ ಕೇಳಿಸಿತು.

ನಾಳೆ ಬೆಳಿಗ್ಗೆ ವಿಚಾರಣೆಯ ಅಧಿಕಾರಿಯ ಕಚೇರಿಗೆ ಹೋಗುತ್ತೇನೆ. ನಿನ್ನ ಪತ್ರಗಳು, ಒಂಬತ್ತು ಚೀಟಿ, ಲಕೋಟೆಗಳ ಮೇಲಿನ ಟಪಾಲು ಮುದ್ರೆ, ಎಲ್ಲವೂ. ಕೆಂಪು ಗುರುತುಗಳನ್ನು ಅಳಿಸಿಲ್ಲ. ಅದರ ಜೊತೆ ನನ್ನ ಹೇಳಿಕೆ, ಆ ವಾಕ್ಯ ಯಾರು ಬರೆಸಿದರು, ಯಾರು ಬರೆದರು, ಏನು ಇಸಿದುಕೊಂಡು ಬರೆದರು ಎಂದು. ಕನ್ನಡದಲ್ಲೇ ಬರೆದಿದ್ದೇನೆ, ಯಾರೂ ಇನ್ನೊಬ್ಬರ ಹತ್ತಿರ ಅರ್ಥ ಕೇಳುವಂತಾಗಬಾರದು. ನನಗೂ ಶಿಕ್ಷೆ ಆಗಬಹುದು ಎಂದು ವಕೀಲರು ಹೇಳಿದರು. ಆಗಲಿ.

ಇದರ ಜೊತೆ ಒಂದು ಚೀಟಿ ಇಟ್ಟಿದ್ದೇನೆ. ನಿಘಂಟಿಗೆ ಆ ಪದದ ಕೆಳಗೆ ಹಾಕಲು ನಾನೇ ಬರೆದ ವಾಕ್ಯ. ಇಂಗ್ಲಿಷಿನಲ್ಲಿದೆ, ಅದರ ಕನ್ನಡ ಇಷ್ಟು:

ನಾನು ನೋಡದ ಟ್ಯಾಂಕನ್ನು ಸೌಂಡ್ ಎಂದು ಬರೆದೆ; ಅದರ ಕೆಳಗೆ ಸಾಬಮ್ಮ ಸತ್ತಳು.

ಕೆಂಪು ಪೆನ್ನು ಈಗ ನಿನ್ನ ಕೈಯಲ್ಲಿರಲಿ. ತಪ್ಪಿದ್ದರೆ ತಿದ್ದಿ ಕಳಿಸು.

ಜಹೀರುದ್ದೀನ್

ಕಮಲಾಪುರ
1 ಸೆಪ್ಟೆಂಬರ್ 2025

ಸರ್,

ಮಾಪಣ್ಣನನ್ನು ಶುಕ್ರವಾರ ಪೊಲೀಸರು ಕರೆದುಕೊಂಡು ಹೋದರು. ನನ್ನನ್ನು ಮತ್ತೆ ಕೆಲಸಕ್ಕೆ ತೆಗೆದುಕೊಂಡಿದ್ದಾರೆ. ನಿಮಗೆ ನೋಟಿಸು ಬಂದಿದೆ ಎಂದು ಗೌಸಿಯಾ ಅಕ್ಕ ಫೋನಿನಲ್ಲಿ ಹೇಳಿದರು. ನೀವು ಹಾಜರಾಗುವ ದಿನ ನಾನೂ ಬರುತ್ತೇನೆ. ನಿಮ್ಮ ಪಕ್ಕ ಕೂರುತ್ತೇನೋ ಇಲ್ಲವೋ, ಬಂದ ಮೇಲೆ ನೋಡಬೇಕು.

ಮಕ್ಕಳು ವಿಹಾರದಲ್ಲೇ ಇದ್ದಾರೆ. ಊಟವಾದ ಮೇಲೆ ಮಲಗಿಸುತ್ತೇನೆ. ಹೊಸ ಚಾಪೆ ಬಂದಿದೆ. ಮಾಯಾ ಈಗಲೂ ಮಲಗುವುದಿಲ್ಲ. ಅಂಗಾತ ಬಿದ್ದು ಸೂರು ನೋಡುತ್ತಿರುತ್ತಾಳೆ. ಈ ಸೂರು ಗಟ್ಟಿ ಇದೆ, ಮಲಗು ಎಂದು ಹೇಳಲು ಹೋಗಿ ನಿಲ್ಲಿಸುತ್ತೇನೆ. ಏಣಿ ತರಿಸಿ, ಮೇಲೆ ಹತ್ತಿ, ತೊಲೆಗಳನ್ನು ಒಂದೊಂದಾಗಿ ಮುಟ್ಟಿ ನೋಡುವವರೆಗೆ ಅವಳಿಗೆ ಆ ಮಾತು ಹೇಳುವುದಿಲ್ಲ.

ನಿಮ್ಮ ಚೀಟಿ ವಾಪಸು ಕಳಿಸಿದ್ದೇನೆ. ಎರಡು ಸಲ ಓದಿದೆ. ವಾಕ್ಯದಲ್ಲಿ ತಿದ್ದುವುದು ಏನೂ ಇಲ್ಲ.

ಪಂಚಶೀಲಾ